ಟೈಲರ್ ಪದದೊಳಗಿನ ‘ಟೇಲ್’ ಬಾಲ ಅಲ್ಲ: ಇಂಗ್ಲಿಷ್ ಪದಗಳ ನೆಂಟಸ್ತನ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮೂಡಲಪಾಳ್ಯದಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಮಗಳು ಏಳನೇ ಕ್ಲಾಸ್. ಐದನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದಳು, ಈಗ ಇಂಗ್ಲಿಷ್ ಮೀಡಿಯಂ. ಸ್ಕೂಲಲ್ಲಿ ವಾರಕ್ಕೊಂದು ಪದಗಳ ಪಟ್ಟಿ ಕೊಡುತ್ತಾರೆ. ಒಂದು ವಾರ ‘ಕೆ-ಎನ್’ ಇಂದ ಶುರುವಾಗುವ ಇಪ್ಪತ್ತು ಪದ, ಇನ್ನೊಂದು ವಾರ ‘ಟಿ-ಡಬ್ಲ್ಯೂ’, ಮತ್ತೊಂದು ವಾರ ಕೊನೆಯಲ್ಲಿ ‘ಐ-ಜಿ-ಎಚ್-ಟಿ’ ಬರುವ ಪದಗಳು. ಅರ್ಥದ ಸಮೇತ ಬಾಯಿಪಾಠ ಮಾಡಿ ಟೆಸ್ಟ್ ಬರೆಯುತ್ತಾಳೆ. ಮೂರು ದಿನಕ್ಕೆ ಮರೆತಿರುತ್ತಾಳೆ. ಅಕ್ಷರ ಒಂದೇ ಇದ್ದರೆ ಅರ್ಥಕ್ಕೂ ಸಂಬಂಧ ಇರುತ್ತದೆಯೇ? ಓದದೇ ಇರೋ ‘ಕೆ’ಯನ್ನು ಯಾಕೆ ಬರೆಯಬೇಕು? ಇನ್ನೊಂದು ಸಣ್ಣ ಅನುಮಾನ: ಹೊಲಿಯುವಾಗ ನಾವು ಬೆರಳಿಗೆ ಹಾಕಿಕೊಳ್ಳುವ ಥಿಂಬಲ್‌ಗೂ ಹೆಬ್ಬೆರಳಿನ ಥಂಬ್‌ಗೂ ಸಂಬಂಧ ಇದೆಯೇ?

ಉತ್ತರ: ನಿಮ್ಮ ಕೆಲಸದ ಹೆಸರಿನಿಂದಲೇ ಶುರು ಮಾಡೋಣ.

ಟೈಲರ್ ಪದವನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ಮೊದಲ ನಾಲ್ಕು ಅಕ್ಷರ ಟಿ-ಎ-ಐ-ಎಲ್. ಅಷ್ಟನ್ನೇ ಓದಿದರೆ ‘ಟೇಲ್’, ಅಂದರೆ ಬಾಲ. ಆದರೆ ಟೈಲರಿಗೂ ಬಾಲಕ್ಕೂ ಯಾವ ಸಂಬಂಧವೂ ಇಲ್ಲ. ಟೈಲರ್ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದ. ಅದರ ಬೇರಿನ ಅರ್ಥ ‘ಕತ್ತರಿಸು’. ಟೈಲರ್ ಅಂದರೆ ಹೊಲಿಯುವವರು ಅಂದುಕೊಂಡಿದ್ದೇವೆ, ಪದ ಮಾತ್ರ ಕತ್ತರಿಸುವವರು ಅನ್ನುತ್ತದೆ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹೊಲಿಗೆ ತಪ್ಪಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕಟಿಂಗ್ ತಪ್ಪಾದರೆ ಬಟ್ಟೆಯೇ ಹೋಯಿತು ಅಲ್ವಾ?

ಈಗ ಅದೇ ನಾಲ್ಕು ಅಕ್ಷರ ಇರುವ ಇನ್ನೆರಡು ಪದ ನೋಡಿ: ಡೀಟೇಲ್, ರೀಟೇಲ್. ಒಂದು ವಿಷಯವನ್ನು ತುಂಡು ತುಂಡು ಮಾಡಿ ಒಂದೊಂದನ್ನೇ ಹೇಳಿದರೆ ಅದು ಡೀಟೇಲ್. ಇಡೀ ಸರಕಿನಿಂದ ಒಂದೊಂದು ತುಂಡು ಕತ್ತರಿಸಿ ಮಾರಿದರೆ ರೀಟೇಲ್. ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ಇಡೀ ತಾನು ಎತ್ತಿ ಕೊಡುತ್ತಾರೆ. ಪಕ್ಕದ ಅಂಗಡಿಯಲ್ಲಿ ಎರಡೂವರೆ ಮೀಟರ್ ಅಳೆದು ಕತ್ತರಿ ಹಾಕುತ್ತಾರೆ. ಆ ಕತ್ತರಿಯೇ ರೀಟೇಲ್ ಪದದ ಒಳಗೆ ಕೂತಿರೋದು. ಟೈಲರ್, ಡೀಟೇಲ್, ರೀಟೇಲ್ ಮೂವರೂ ಒಂದೇ ಮನೆಯವರು. ಬಾಲದ ಟೇಲ್ ಹಳೆಯ ಇಂಗ್ಲಿಷಿನ ಸ್ವಂತ ಪದ, ಬೇರೆ ಮನೆಯದು. ಬರೆಯುವ ರೀತಿ ಮಾತ್ರ ಒಂದೇ ಆಗಿಬಿಟ್ಟಿದೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಅಕ್ಷರ ಒಂದೇ ಇದ್ದ ಮಾತ್ರಕ್ಕೆ ಅರ್ಥದ ಸಂಬಂಧ ಇರಬೇಕಾಗಿಲ್ಲ. ಆದರೆ ಎಷ್ಟೋ ಸಲ ಇರುತ್ತದೆ. ಇದ್ದಾಗ ಅದನ್ನು ಹಿಡಿದುಕೊಂಡರೆ ಪದ ಮರೆಯುವುದಿಲ್ಲ.

ನಮ್ಮ ಬೆಂಗಳೂರಿನ ಹೆಸರುಗಳನ್ನೇ ನೋಡಿ. ಆರ್.ಟಿ. ನಗರ, ಆರ್.ಆರ್. ನಗರ, ಆರ್.ವಿ. ರಸ್ತೆ. ಮೂರೂ ‘ಆರ್’ ಇಂದ ಶುರು. ಒಂದು ರವೀಂದ್ರನಾಥ ಟ್ಯಾಗೋರ್, ಇನ್ನೊಂದು ರಾಜರಾಜೇಶ್ವರಿ, ಮತ್ತೊಂದು ರಾಷ್ಟ್ರೀಯ ವಿದ್ಯಾಲಯ. ಕವಿ, ದೇವಿ, ಶಾಲೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಕೆ.ಆರ್. ಮಾರ್ಕೆಟ್, ಕೆ.ಆರ್. ಸರ್ಕಲ್, ಕೆ.ಆರ್. ಪುರ ನೋಡಿ. ಮೂರರಲ್ಲೂ ಇರುವುದು ಕೃಷ್ಣರಾಜ ಎಂಬ ಹೆಸರೇ. ಇನಿಷಿಯಲ್ ನೋಡಿದರೆ ಇದು ತಿಳಿಯುವುದಿಲ್ಲ, ಬಿಡಿಸಿ ನೋಡಬೇಕು. ಇಂಗ್ಲಿಷ್ ಪದಗಳೂ ಹಾಗೆಯೇ.

ಮಗಳ ‘ಟಿ-ಡಬ್ಲ್ಯೂ’ ಪಟ್ಟಿ ನನಗೆ ತುಂಬ ಇಷ್ಟವಾದ ಪಟ್ಟಿ. ಇದರಲ್ಲಿ ಮುಕ್ಕಾಲು ಪಾಲು ಒಂದೇ ಮನೆಯವರು. ಮನೆಯ ಯಜಮಾನ ‘ಟೂ’, ಅಂದರೆ ಎರಡು. ಆ ಪದದಲ್ಲಿ ‘ಡಬ್ಲ್ಯೂ’ ಬರೆಯುತ್ತೇವೆ, ಓದುವುದಿಲ್ಲ. ಹಿಂದೆ ಓದುತ್ತಿದ್ದರು. ಮಕ್ಕಳ ಬಾಯಲ್ಲಿ ಆ ಸದ್ದು ಇನ್ನೂ ಉಳಿದಿದೆ. ಟ್ವಿನ್ ಅಂದರೆ ಅವಳಿ, ಇಬ್ಬರು. ಟ್ವೈಸ್ ಅಂದರೆ ಎರಡು ಸಲ. ಟ್ವೆಂಟಿ ಅಂದರೆ ಎರಡು ಹತ್ತು. ಟ್ವೆಲ್ವ್ ಅಂದರೆ ‘ಎರಡು ಉಳಿದದ್ದು’, ಹತ್ತು ಎಣಿಸಿದ ಮೇಲೆ ಎರಡು ಮಿಕ್ಕಿತು ಅಂತ. ಬಿಟ್ವೀನ್ ಎಂಬುದರ ನಡುವೆಯೂ ಟಿ-ಡಬ್ಲ್ಯೂ ಇದೆ. ಎರಡರ ಮಧ್ಯೆ ತಾನೇ ಬಿಟ್ವೀನ್? ಟ್ವೈಲೈಟ್ ಅಂದರೆ ಮುಸ್ಸಂಜೆ, ಬೆಳಕು ಹಗಲಿಗೂ ರಾತ್ರಿಗೂ ನಡುವೆ ನಿಂತ ಹೊತ್ತು.

ನಿಮ್ಮ ಮೆಷಿನ್ ಹತ್ತಿರ ಬರೋಣ. ಟ್ವೈನ್ ಅಂದರೆ ಎರಡು ಎಳೆ ಸೇರಿಸಿ ಹೊಸೆದ ದಾರ. ಟ್ವಿಸ್ಟ್ ಮೊದಲಿಗೆ ಎಳೆ ಹೊಸೆದು ಮಾಡಿದ ಹಗ್ಗದ ಹೆಸರು, ತಿರುಚು ಎಂಬ ಅರ್ಥ ಆಮೇಲೆ ಬಂತು. ಯೂನಿಫಾರ್ಮ್ ಪ್ಯಾಂಟಿಗೆ ಟ್ವಿಲ್ ಬಟ್ಟೆ ತರುತ್ತೀರಲ್ಲ, ಅದರ ಹೆಸರೂ ಇಲ್ಲಿಯದೇ. ಎರಡು ಎಳೆಯ ನೇಯ್ಗೆ ಎಂದು ಅರ್ಥ. ಟ್ವಿಲ್ ಬಟ್ಟೆಯನ್ನು ಕಣ್ಣ ಹತ್ತಿರ ಹಿಡಿದು ಮಗಳಿಗೆ ತೋರಿಸಿ. ಓರೆಯಾಗಿ ಸಣ್ಣ ಸಣ್ಣ ಗೆರೆಗಳು ಓಡುತ್ತಿರುತ್ತವೆ. ಪಕ್ಕದಲ್ಲಿ ಡ್ರಿಲ್ ಬಟ್ಟೆ ಇಡಿ. ಇದು ಜರ್ಮನ್ ಭಾಷೆಯಿಂದ ಬಂದ ಹೆಸರು. ಅದರ ಬೇರು ಲ್ಯಾಟಿನ್ ಪದ, ಅರ್ಥ ಮೂರು ಎಳೆಯದು. ಟ್ವಿಲ್ ಎರಡು, ಡ್ರಿಲ್ ಮೂರು! ಗೋಡೆ ಕೊರೆಯುವ ಡ್ರಿಲ್‌ಗೂ ಈ ಡ್ರಿಲ್‌ಗೂ ಸಂಬಂಧ ಇಲ್ಲ, ಅದು ಬೇರೆ ಪದ. ನೀವು ಇಷ್ಟು ವರ್ಷದಿಂದ ಕೈಯಲ್ಲಿ ಹಿಡಿದ ಬಟ್ಟೆಗಳ ಹೆಸರಿನಲ್ಲೇ ಮಗಳ ಇಂಗ್ಲಿಷ್ ಪಾಠ ಇದೆ. ಆ ಪಾಠವನ್ನು ಅವಳಿಗೆ ಹೇಳಿಕೊಡಲು ನಿಮಗಿಂತ ಒಳ್ಳೆಯ ಟೀಚರ್ ಸಿಗುವುದಿಲ್ಲ. ನಾನು ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಕನ್ನಡದಲ್ಲೂ ಇದೇ ಆಟ ಇದೆ ಎಂದು ತೋರಿಸಿಕೊಟ್ಟರೆ ಮಕ್ಕಳಿಗೆ ಬೇಗ ಹತ್ತುತ್ತದೆ. ನಮ್ಮ ‘ಎರಡು’ ಬೇರೆ ಪದದ ಮುಂದೆ ಕೂತಾಗ ‘ಇ’ ಆಗುತ್ತದೆ. ಇಬ್ಬರು, ಇಪ್ಪತ್ತು, ಇನ್ನೂರು, ಇಮ್ಮಡಿ. ಇಮ್ಮಡಿ ಪುಲಕೇಶಿ ಅಂದರೆ ಎರಡನೆಯ ಪುಲಕೇಶಿ. ಹಾಗಂತ ಇರುವೆ, ಇಟ್ಟಿಗೆಯಲ್ಲಿ ಎರಡು ಹುಡುಕಬಾರದು. ಅಲ್ಲಿ ‘ಇ’ ಸುಮ್ನೆ ಇದೆ. ಇಂಗ್ಲಿಷಿನಲ್ಲೂ ಟ್ವಿಟರ್, ಟ್ವೀಟ್ ಹಕ್ಕಿಯ ಸದ್ದನ್ನು ಅನುಕರಿಸಿದ ಪದಗಳು. ಅವು ಎರಡರ ಮನೆಯವಲ್ಲ.

ಇನ್ನು ‘ಕೆ-ಎನ್’. ಓದದ ‘ಕೆ’ಯನ್ನು ಯಾಕೆ ಬರೆಯಬೇಕು ಅಂತ ಕೇಳಿದ್ದೀರಿ. ಒಂದು ಕಾಲದಲ್ಲಿ ಅದನ್ನು ಓದುತ್ತಿದ್ದರು, ಅದಕ್ಕೆ. ಮೊಣಕಾಲಿಗೆ ‘ನೀ’ ಅಲ್ಲ, ‘ಕ್ನೀ’. ನೈಫ್ ಅಲ್ಲ, ಕ್ನೀಫ್. ವಿಲಿಯಂ ಕ್ಯಾಕ್ಸ್ಟನ್ ಎಂಬುವರು 1476ರಲ್ಲಿ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಹಾಕಿದರು. ಪುಸ್ತಕಗಳು ಅಚ್ಚಾಗುತ್ತಾ ಹೋದಂತೆ ಪದ ಬರೆಯುವ ರೀತಿ ಗಟ್ಟಿಯಾಗುತ್ತಾ ಬಂತು. ಬಾಯಿ ಮಾತ್ರ ಬದಲಾಗುತ್ತಲೇ ಇತ್ತು. 17ನೇ ಶತಮಾನ ಮುಗಿಯುವ ಹೊತ್ತಿಗೆ ಜನ ‘ಕೆ’ ಬಿಟ್ಟುಬಿಟ್ಟರು. ಅಷ್ಟರಲ್ಲಿ ಕಾಗದದ ಮೇಲೆ ಅದು ಕೂತಾಗಿತ್ತು. ಜರ್ಮನ್ನರು ಮೊಣಕಾಲಿಗೆ ಈಗಲೂ ‘ಕ್ನೀ’ ಅನ್ನುತ್ತಾರೆ.

ನಾನು ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, ತಿಳಿ ಎಂಬ ಅರ್ಥದ ‘ನೋ’ ಪದವನ್ನು ‘ಕ್ನೋ’ ಎಂದು ಓದಿದ. ಕ್ಲಾಸೆಲ್ಲ ನಕ್ಕಿತು. ಅವನ ಮುಖ ಕೆಂಪಾಯಿತು, ಪುಸ್ತಕ ಮುಚ್ಚಿ ಕೂತುಬಿಟ್ಟ. ಆಗ ನಾನು ಬೋರ್ಡಿನ ಮೇಲೆ ‘ಜ್ಞಾನ’ ಎಂದು ಕನ್ನಡದಲ್ಲಿ ಬರೆದೆ. ಇದನ್ನು ಓದು ಅಂದೆ. ‘ಗ್ನಾನ’ ಅಂದ. ಅದರ ಪಕ್ಕ ಇಂಗ್ಲಿಷಿನ ‘ನೋ’ ಬರೆದೆ. ಎರಡೂ ಒಂದೇ ಬೇರಿನ ಪದ ಕಣೋ, ನೀನು ಓದಿದ್ದು ಅದರ ಹಳೆಯ ಸದ್ದು ಎಂದೆ. ಅವನು ಆಮೇಲೆ ಯಾವ ಪದಕ್ಕೂ ಹೆದರಲಿಲ್ಲ. ನನಗೆ ಆ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇದು ಕಟ್ಟುಕತೆ ಅಲ್ಲ. 1786ರಲ್ಲಿ ಕಲ್ಕತ್ತಾದಲ್ಲಿ ಜಡ್ಜ್ ಆಗಿದ್ದ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹುಟ್ಟಿರಬೇಕು ಎಂದು ಒಂದು ಭಾಷಣದಲ್ಲಿ ಹೇಳಿದರು. 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಸದ್ದುಗಳು ಬದಲಾದ ಕ್ರಮವನ್ನು ಬಿಡಿಸಿ ತೋರಿಸಿದರು. ಸಂಸ್ಕೃತದ ‘ಪ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಫ’ ಬರುತ್ತದೆ: ಪಿತೃ–ಫಾದರ್, ಪಾದ–ಫುಟ್. ‘ದ’ ಇರುವ ಕಡೆ ‘ಟ’: ದಂತ–ಟೂತ್, ದಶ–ಟೆನ್, ದ್ವಿ–ಟೂ. ಹಳೆಯ ‘ಗ’ ಇದ್ದ ಕಡೆ ‘ಕ’. ಆ ಹಳೆಯ ‘ಗ’ ಸಂಸ್ಕೃತದಲ್ಲಿ ‘ಜ’ ಆಯಿತು. ಹಾಗಾಗಿ ಜ್ಞಾ–ನೋ, ಜಾನು–ನೀ. ಜಾನು ಅಂದರೆ ಮೊಣಕಾಲು. ಮೊಣಕಾಲು ಮುಟ್ಟುವಷ್ಟು ಉದ್ದ ತೋಳಿನವರನ್ನು ಆಜಾನುಬಾಹು ಅನ್ನುತ್ತೇವಲ್ಲ, ಅದೇ ಜಾನು.

ಒಂದು ಮಾತು ಇಲ್ಲೇ ಹೇಳಬೇಕು. ಇವೆಲ್ಲ ನಾವು ಸಂಸ್ಕೃತದಿಂದ ತೆಗೆದುಕೊಂಡ ಪದಗಳು. ಕನ್ನಡದ ಸ್ವಂತ ಪದಗಳಾದ ಎರಡು, ಹಲ್ಲು, ಮೊಣಕಾಲು ಬೇರೆಯದೇ ಕುಟುಂಬದವು, ದ್ರಾವಿಡ ಕುಟುಂಬದವು. ಇದನ್ನು 1816ರಲ್ಲಿ ಮದ್ರಾಸಿನಲ್ಲಿ ಎಲ್ಲಿಸ್ ಎಂಬ ಅಧಿಕಾರಿ ಬರೆದು ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ ಎಂಬ ಪಾದ್ರಿ ವಿವರವಾಗಿ ಸಾಧಿಸಿದರು. ಆದ್ದರಿಂದ ಅಚ್ಚ ಕನ್ನಡ ಪದದ ಹಾಗೆ ಕೇಳಿಸುವ ಇಂಗ್ಲಿಷ್ ಪದ ಸಿಕ್ಕಿದರೆ ತಕ್ಷಣ ನೆಂಟಸ್ತನ ಕಟ್ಟಬೇಡಿ. ‘ಸೀನು’ ಮತ್ತು ‘ಸ್ನೀಜ್’ ಎಷ್ಟು ಹತ್ತಿರ ಕೇಳಿಸುತ್ತವೆ! ಆದರೂ ನೆಂಟರಲ್ಲ. ಸ್ನೀಜ್ ಕತೆ ಮುಂದೆ ಹೇಳುತ್ತೇನೆ.

ಕೆ-ಎನ್ ಪಟ್ಟಿಯಲ್ಲಿ ಎಲ್ಲರೂ ಒಂದೇ ಮನೆಯವರಲ್ಲ. ನೋ ಬೇರೆ, ನೀ ಬೇರೆ, ನೈಫ್ ಬೇರೆ. ಆದರೆ ನಾಟ್ ಮತ್ತು ನಿಟ್ ಸ್ವಂತ ಅಕ್ಕತಂಗಿಯರು. ನಾಟ್ ಅಂದರೆ ಗಂಟು, ನಿಟ್ ಅಂದರೆ ಮೊದಲಿಗೆ ಗಂಟು ಹಾಕು, ಆಮೇಲೆ ಹೆಣೆ. ಸ್ವೆಟರ್ ನಿಟಿಂಗ್ ಎಂದರೆ ಗಂಟಿನ ಮೇಲೆ ಗಂಟು ತಾನೇ? ಈ ಎರಡನ್ನು ಜೊತೆಯಲ್ಲಿ ಬರೆಸಿ. ನೈಟ್ ಎಂಬ ಕುದುರೆ ಸವಾರನ ಪದ ಇದೆಯಲ್ಲ, ಕೆ-ಎನ್ ಕೂಡ ಇದೆ, ಜಿ-ಎಚ್ ಕೂಡ ಇದೆ, ಅದು ಮಗಳ ಎರಡು ಪಟ್ಟಿಯಲ್ಲೂ ಬಂದಿರುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಅದನ್ನು ‘ಕ್ನಿಖ್ಟ್’ ಎಂದು ಎಲ್ಲ ಅಕ್ಷರ ಓದಿ ಹೇಳುತ್ತಿದ್ದರು. ಆಗ ಅರ್ಥ ಹುಡುಗ, ಸೇವಕ. ವೀರ ಎಂಬ ಅರ್ಥ ಆಮೇಲಿನದು.

ಆ ‘ಖ್’ ಸದ್ದೇ ‘ಜಿ-ಎಚ್’ ಗುಟ್ಟು. ರಾತ್ರಿಯ ನೈಟ್, ಎಂಟರ ಏಟ್, ಲೈಟ್, ರೈಟ್, ಡಾಟರ್ ಎಲ್ಲದರಲ್ಲೂ ಗಂಟಲಿನಿಂದ ಬರುವ ಒಂದು ಸದ್ದು ಇತ್ತು. ಜರ್ಮನ್ನರಲ್ಲಿ ಇನ್ನೂ ಇದೆ: ರಾತ್ರಿಗೆ ‘ನಾಖ್ಟ್’, ಎಂಟಕ್ಕೆ ‘ಆಖ್ಟ್’. ಸಂಸ್ಕೃತದಲ್ಲಿ ನಕ್ತ ಅಂದರೆ ರಾತ್ರಿ, ಅಷ್ಟ ಅಂದರೆ ಎಂಟು. ಇಂಗ್ಲಿಷಿನವರು ಆ ಸದ್ದನ್ನು ಕೆಲವು ಕಡೆ ನುಂಗಿದರು. ಕಫ್, ಟಫ್, ರಫ್, ಲಾಫ್ ಅಂತಹ ಕಡೆ ಅದು ‘ಫ’ ಆಯಿತು. ಯಾವುದು ಎಲ್ಲಿ ಅಂತ ನಿಯಮ ಹುಡುಕಬೇಡಿ, ಅಭ್ಯಾಸದಿಂದ ಬರುತ್ತದೆ.

ಓದದ ಅಕ್ಷರದ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದ ಉಪಾಯ ಒಂದಿದೆ. ಒಂದು ಪದದಲ್ಲಿ ಅಕ್ಷರ ಬಾಯಿ ಮುಚ್ಚಿಕೊಂಡಿದ್ದರೆ, ಅದರ ನೆಂಟರ ಮನೆಗೆ ಹೋಗಿ. ಅಲ್ಲಿ ಎಷ್ಟೋ ಸಲ ಅದು ಮಾತಾಡುತ್ತದೆ. ಸೈನ್ ಪದದ ‘ಜಿ’ ಓದುವುದಿಲ್ಲ. ಸಿಗ್ನಲ್ ಪದದಲ್ಲಿ ಓದುತ್ತೇವೆ. ಸಿಗ್ನೇಚರ್ ಪದದಲ್ಲೂ ಓದುತ್ತೇವೆ. ಮೂರಕ್ಕೂ ಒಂದೇ ಅರ್ಥ, ಗುರುತು. ಬ್ಲೌಸಿಗೆ ಡಿಸೈನ್ ಮಾಡುತ್ತೀರಲ್ಲ, ಅಲ್ಲೂ ಅದೇ ‘ಸೈನ್’ ಇದೆ. ಗೆರೆ ಎಳೆದು ಗುರುತು ಹಾಕುವುದೇ ಡಿಸೈನ್. ನೀವು ಚಾಕ್‌ಪೀಸಿನಿಂದ ಬಟ್ಟೆಯ ಮೇಲೆ ಹಾಕುವ ಗುರುತು ಅದು. ಡಿಸೈನ್‌ನಲ್ಲಿ ಸುಮ್ಮನಿದ್ದ ‘ಜಿ’ ಡೆಸಿಗ್ನೇಷನ್‌ನಲ್ಲಿ ಮಾತಾಡುತ್ತದೆ. ಸಾಲಕ್ಕೆ ‘ಡೆಟ್’ ಅನ್ನುತ್ತಾರೆ, ‘ಬಿ’ ಓದುವುದಿಲ್ಲ. ಡೆಬಿಟ್ ಕಾರ್ಡಿನಲ್ಲಿ ಓದುತ್ತೇವೆ. ಮಸಲ್‌ನಲ್ಲಿ ‘ಸಿ’ ಸುಮ್ಮನಿದೆ, ಮಸ್ಕ್ಯುಲರ್‌ನಲ್ಲಿ ಕೇಳಿಸುತ್ತದೆ. ಬೀದಿ ಬೀದಿಯಲ್ಲಿ ಡಯಾಗ್ನೋಸ್ಟಿಕ್ ಸೆಂಟರ್ ಬೋರ್ಡ್ ಇದೆ ನೋಡಿ, ಅದರ ನಡುವಿನ ‘ಗ್ನೋ’ ನಮ್ಮ ಜ್ಞಾನದ ‘ಜ್ಞಾ’ದ ಗ್ರೀಕ್ ನೆಂಟ. ಕಾಯಿಲೆ ಏನೆಂದು ಬಿಡಿಸಿ ತಿಳಿಯುವುದೇ ಡಯಾಗ್ನೋಸಿಸ್.

ಮೋಸ ಮಾಡುವ ಅಕ್ಷರಗಳೂ ಇವೆ. ಡಿಲೈಟ್ ಅಂದರೆ ಸಂತೋಷ. ಅದರಲ್ಲಿ ಲೈಟ್ ಇದೆ, ಹಾಗಾಗಿ ಬೆಳಕಿಗೆ ಸಂಬಂಧ ಅನಿಸುತ್ತದೆ. ಇಲ್ಲ. ಅದು ಫ್ರೆಂಚಿನಿಂದ ಬಂದಾಗ ‘ಜಿ-ಎಚ್’ ಇರಲೇ ಇಲ್ಲ. ಲೈಟ್ ಪದವನ್ನು ನೋಡಿಕೊಂಡು ಜನ ಆಮೇಲೆ ಸೇರಿಸಿದರು. ದ್ವೀಪಕ್ಕೆ ಇರುವ ‘ಐಲೆಂಡ್’ ಪದದ ‘ಎಸ್’ ಕೂಡ ಹೀಗೇ. ಇಂಗ್ಲಿಷಿನ ಸ್ವಂತ ಪದ ಅದು, ‘ಎಸ್’ ಇರಲಿಲ್ಲ. ಲ್ಯಾಟಿನ್ ಮೂಲದ ‘ಐಲ್’ ಎಂಬ ಬೇರೆ ಪದದ ಸಹವಾಸದಿಂದ ಬಂದು ಸೇರಿಕೊಂಡಿತು.

ಇದಕ್ಕಿಂತ ಎಚ್ಚರ ಬೇಕಾದದ್ದು ಇನ್ನೊಂದು. ಪದದ ಮುಂದೆ ‘ಐ-ಎನ್’ ಬಂದರೆ ‘ಅಲ್ಲ’ ಎಂದು ಅರ್ಥ ಅಂತ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಕರೆಕ್ಟ್–ಇನ್‌ಕರೆಕ್ಟ್ ಸರಿ. ಆದರೆ ತುಮಕೂರು ರಸ್ತೆಯಲ್ಲಿ ಹೋಗುವ ಟ್ಯಾಂಕರ್‌ಗಳ ಹಿಂದೆ ‘ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಅದಕ್ಕೆ ‘ಉರಿಯದ್ದು’ ಎಂದು ಅರ್ಥ ಮಾಡಿಕೊಂಡರೆ ದೊಡ್ಡ ಅಪಾಯ. ಇಲ್ಲಿ ಆ ‘ಇನ್’ ಅಲ್ಲ ಎನ್ನುವ ‘ಇನ್’ ಅಲ್ಲ, ‘ಒಳಗೆ’ ಎನ್ನುವ ‘ಇನ್’. ಬೇಗ ಬೆಂಕಿ ಹತ್ತಿಕೊಳ್ಳುವಂಥದ್ದು ಎಂದು ಅರ್ಥ. ಇದೊಂದನ್ನು ಮಗಳಿಗೆ ಇವತ್ತೇ ಹೇಳಿ.

ಇನ್ನು ಒಂದು ಬಗೆ ಉಳಿದಿದೆ. ಇಲ್ಲಿ ನೆಂಟಸ್ತನ ಇರಲಿ ಬಿಡಲಿ, ಸದ್ದೇ ಪದಗಳನ್ನು ಗುಂಪು ಕಟ್ಟಿಸುತ್ತದೆ. ಇಂಗ್ಲಿಷಿನ ‘ಜಿ-ಎಲ್’ ತೆಗೆದುಕೊಳ್ಳಿ: ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಮ್ಮರ್, ಗ್ಲೇರ್, ಗ್ಲಾಸ್. ಎಲ್ಲದರಲ್ಲೂ ಹೊಳಪು. ‘ಎಸ್-ಎನ್’ ತೆಗೆದುಕೊಳ್ಳಿ: ಸ್ನಿಫ್ ಅಂದರೆ ಮೂಸು, ಸ್ನೋರ್ ಅಂದರೆ ಗೊರಕೆ, ಸ್ನೌಟ್ ಅಂದರೆ ಪ್ರಾಣಿಯ ಮೂತಿ, ಸ್ನಾಟ್ ಅಂದರೆ ಸಿಂಬಳ. ಎಲ್ಲ ಮೂಗಿನ ಸುತ್ತಮುತ್ತ. ಇದಕ್ಕೆ 1930ರಲ್ಲಿ ಜೆ.ಆರ್. ಫರ್ತ್ ಎಂಬ ಇಂಗ್ಲಿಷ್ ಭಾಷಾ ವಿದ್ವಾಂಸರು ‘ಫೋನೆಸ್ತೀಮ್’ ಎಂದು ಹೆಸರಿಟ್ಟರು. ಅವರು 1919ರಿಂದ 1928ರವರೆಗೆ ಲಾಹೋರಿನಲ್ಲಿ ಪಾಠ ಮಾಡಿದ್ದವರು.

ಈಗ ಸ್ನೀಜ್ ಕತೆ. ಹಳೆಯ ಇಂಗ್ಲಿಷಿನಲ್ಲಿ ಸೀನುವುದಕ್ಕೆ ಇದ್ದ ಪದ ‘ಎಫ್-ಎನ್’ ಇಂದ ಶುರುವಾಗುತ್ತಿತ್ತು, ಫ್ನೀಸ್ ಎಂಬಂತೆ. ‘ಫ್ನ’ ಎಂಬ ಸದ್ದು ಭಾಷೆಯಿಂದ ಮರೆಯಾಗುತ್ತಾ ಬಂದಾಗ ಆ ಪದ ಹೋಗಿ ಸೇರಿಕೊಂಡದ್ದು ಮೂಗಿನ ಗುಂಪಿಗೆ. ‘ಎಫ್’ ಬಿಟ್ಟು ‘ಎಸ್’ ಹಾಕಿಕೊಂಡಿತು. ಗುಂಪಿನ ಸೆಳೆತ ಅಂದರೆ ಇದೇ. ನನಗೆ ಇಂಗ್ಲಿಷಿನಲ್ಲಿ ತುಂಬ ಇಷ್ಟವಾದ ಪದದ ಕತೆಗಳಲ್ಲಿ ಇದೂ ಒಂದು.

ನಮ್ಮಲ್ಲೂ ಇಂಥ ಗುಂಪುಗಳಿವೆ. ‘ಮಿ’ ನೋಡಿ: ಮಿಂಚು, ಮಿನುಗು, ಮಿಣುಕು, ಮಿರುಗು, ಮಿಣಮಿಣ. ಜಿ-ಎಲ್ ಮಾಡುವ ಕೆಲಸವನ್ನೇ ನಮ್ಮ ‘ಮಿ’ ಮಾಡುತ್ತಿದೆ. ‘ಮೂ’ ನೋಡಿ: ಮೂಗು, ಮೂಸು, ಮೂತಿ. ಇಂಗ್ಲಿಷಿನ ಎಸ್-ಎನ್ ನೆನಪಾಗುತ್ತದೆ ಅಲ್ವಾ? ಒಂದು ಸಂಜೆ ಹೊಲಿಯುತ್ತಾ ಕೂತಾಗ ಮಗಳ ಜೊತೆ ಈ ಆಟ ಆಡಿ. ಅವಳು ‘ಗ್ಲಿಟರ್’ ಅಂದರೆ ನೀವು ‘ಮಿನುಗು’ ಅನ್ನಿ. ಅವಳು ‘ಗ್ಲಿಮ್ಮರ್’ ಅಂದರೆ ‘ಮಿಣುಕು’. ಗ್ಲಿಟರ್ ಅಂದರೆ ಶೈನಿಂಗ್ ಎಂದು ಇಂಗ್ಲಿಷಿಗೆ ಇಂಗ್ಲಿಷನ್ನೇ ಉರು ಹೊಡೆಯುವುದಕ್ಕಿಂತ ಇದು ಎಷ್ಟೋ ಗಟ್ಟಿಯಾಗಿ ನಿಲ್ಲುತ್ತದೆ. ಮಿದುಳು, ಮಿಡತೆ ಹೊಳೆಯುವುದಿಲ್ಲ, ಗ್ಲೂ ಮತ್ತು ಗ್ಲೌಸ್ ಕೂಡ ಹೊಳೆಯುವುದಿಲ್ಲ. ಅದನ್ನೂ ಅವಳೇ ಕಂಡುಹಿಡಿಯಲಿ. ಗ್ಲ್ಯಾಡ್ ಅನ್ನು ಮಾತ್ರ ಅವಸರದಲ್ಲಿ ಹೊರಗೆ ಹಾಕಬೇಡಿ. ಈಗ ಅದರ ಅರ್ಥ ಸಂತೋಷ, ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಹೊಳೆಯುವ ಎಂಬ ಅರ್ಥವೂ ಇತ್ತು.

ಟೀಚರ್ ಪಟ್ಟಿ ಕೊಡುವುದರಲ್ಲಿ ತಪ್ಪೇನಿಲ್ಲ. ಸ್ಪೆಲಿಂಗ್ ಕಲಿಯಲು ಅದು ಒಳ್ಳೆಯದೇ. ಅರ್ಥ ನೆನಪಿನಲ್ಲಿ ಉಳಿಯಲು ಮಾತ್ರ ಅದು ಸಾಲದು. ಹಾಗಾಗಿ ಮನೆಯಲ್ಲಿ ಇನ್ನೊಂದು ನೋಟ್‌ಬುಕ್ ಇಡಿಸಿ. ಇಪ್ಪತ್ತು ಪದ ಬೇಡ, ದಿನಕ್ಕೆ ಒಂದು ಪುಟ, ಒಂದು ಮನೆ. ಪುಟದ ನಡುವೆ ಅವಳಿಗೆ ಆಗಲೇ ಗೊತ್ತಿರುವ ಒಂದು ಪದ ಬರೆಯಲಿ. ‘ಸೈನ್’ ಅಂದುಕೊಳ್ಳಿ. ಪಕ್ಕದಲ್ಲಿ ಕನ್ನಡದಲ್ಲಿ ‘ಗುರುತು’. ಸುತ್ತ ಸಿಗ್ನಲ್, ಸಿಗ್ನೇಚರ್, ಡಿಸೈನ್. ಪ್ರತಿಯೊಂದರ ಕೆಳಗೂ ‘ಗುರುತು’ ಎಂಬ ಅರ್ಥ ಎಲ್ಲಿ ಅಡಗಿದೆ ಎಂದು ಕನ್ನಡದಲ್ಲಿ ಒಂದೇ ಸಾಲು. ಆ ಸಾಲು ಬರೆಯಲು ಆಗದಿದ್ದರೆ ಆ ಪದವನ್ನು ಪುಟದ ತುದಿಯಲ್ಲಿ ಬರೆದು ಪ್ರಶ್ನೆ ಗುರುತು ಹಾಕಲಿ. ಬಾಲದ ಟೇಲ್ ಅಲ್ಲೇ ಹೋಗಿ ಕೂರುತ್ತದೆ.

ಆ ಪ್ರಶ್ನೆ ಗುರುತುಗಳನ್ನು ಬಿಡಿಸಲು ಒಳ್ಳೆಯ ಡಿಕ್ಷನರಿ ಬೇಕು. ದೊಡ್ಡ ಡಿಕ್ಷನರಿಗಳಲ್ಲಿ ಪದದ ಅರ್ಥದ ಜೊತೆ ಅದು ಎಲ್ಲಿಂದ ಬಂತು ಎಂದು ಒಂದು ಸಣ್ಣ ಸಾಲು ಇರುತ್ತದೆ. ಮಕ್ಕಳು ಅದನ್ನು ನೋಡುವುದೇ ಇಲ್ಲ. ಯಾರೂ ತೋರಿಸಿರುವುದೂ ಇಲ್ಲ. ಒಂದು ರಜೆಯ ದಿನ ಅವಳನ್ನು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ, ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ದೊಡ್ಡ ಡಿಕ್ಷನರಿ ಕೇಳಿ ತೆಗೆಸಿ, ‘ರೀಟೇಲ್’ ಹುಡುಕಲು ಹೇಳಿ. ಕತ್ತರಿ ಅವಳ ಕಣ್ಣಿಗೇ ಬೀಳಲಿ. ಮೊಬೈಲಿನಲ್ಲಿ ಹುಡುಕುವುದಾದರೆ ಪದದ ಜೊತೆ ‘ಎಟಿಮಾಲಜಿ’ ಎಂದು ಸೇರಿಸಿ ಹುಡುಕಿ, ಪದದ ಮೂಲ ಸಿಗುತ್ತದೆ.

ಕೊನೆಗೆ ನಿಮ್ಮ ಥಿಂಬಲ್. ನಿಮ್ಮ ಅನುಮಾನ ಪೂರ್ತಿ ಸರಿ. ಥಿಂಬಲ್ ಹುಟ್ಟಿದ್ದೇ ಥಂಬ್‌ನಿಂದ. ಎರಡರಲ್ಲೂ ಟಿ-ಎಚ್, ಎಂ, ಬಿ ಇರುವುದನ್ನು ನೀವು ಗಮನಿಸಿದ್ದು ನನಗೆ ತುಂಬ ಖುಷಿಯಾಯಿತು. ಥಂಬ್‌ನಲ್ಲಿ ‘ಬಿ’ ಓದುವುದಿಲ್ಲ, ಥಿಂಬಲ್‌ನಲ್ಲಿ ಓದುತ್ತೇವೆ. ಆದರೆ ಇದು ಸೈನ್–ಸಿಗ್ನಲ್ ತರಹ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಎರಡರಲ್ಲೂ ‘ಬಿ’ ಇರಲಿಲ್ಲ. ಥಿಂಬಲ್‌ನಲ್ಲಿ ‘ಮ’ ಇಂದ ‘ಲ’ಗೆ ನಾಲಿಗೆ ಹೊರಳುವಾಗ ನಡುವೆ ಒಂದು ‘ಬ’ ತಾನಾಗಿ ಹುಟ್ಟಿತು. ‘ತಾಮ್ರ’ವನ್ನು ಬೇಗ ಬೇಗ ಹೇಳಿ ನೋಡಿ, ಅಲ್ಲೂ ಒಂದು ‘ಬ’ ಇಣುಕುತ್ತದೆ. ಮರಾಠಿಯವರು ತಾಮ್ರಕ್ಕೆ ತಾಂಬೆ ಅನ್ನುವುದು ಇದಕ್ಕೇ. ಥಂಬ್‌ಗೂ ಆಮೇಲೆ ‘ಬಿ’ ಸೇರಿಕೊಂಡಿತು, ಬರಹದಲ್ಲಿ ಹಾಗೇ ಉಳಿಯಿತು.

ಥಿಂಬಲ್ ಪದದ ಕೊನೆಯಲ್ಲಿ ‘ಎಲ್-ಇ’ ಇದೆಯಲ್ಲ, ಅದಕ್ಕೂ ಅರ್ಥ ಇದೆ. ಒಂದು ಕೆಲಸಕ್ಕೆ ಬಳಸುವ ಸಾಮಾನು ಅಂತ. ಹ್ಯಾಂಡ್‌ಗೆ ಅದು ಸೇರಿದರೆ ಹ್ಯಾಂಡಲ್, ಕೈಯಲ್ಲಿ ಹಿಡಿಯುವ ಹಿಡಿ. ಸ್ಪಿನ್ ಅಂದರೆ ನೂಲು, ಅದರಿಂದ ಸ್ಪಿಂಡಲ್, ನೂಲುವ ಕದಿರು. ಇಲ್ಲೂ ನಡುವಿನ ‘ಡಿ’ ಥಿಂಬಲ್‌ನ ‘ಬಿ’ ತರಹವೇ ನಾಲಿಗೆ ಹೊರಳುವಾಗ ಹುಟ್ಟಿದ್ದು. ಗರ್ಡ್ ಅಂದರೆ ಸುತ್ತಿ ಕಟ್ಟು, ಅದರಿಂದ ಗರ್ಡಲ್, ಸೊಂಟಪಟ್ಟಿ. ಸಾರು ಬಡಿಸುವ ಲೇಡಲ್, ಅಂದರೆ ಸೌಟು, ಅದೂ ಈ ಸಾಲಿನದೇ. ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇವೇ ಇರಲಿ. ನಡುವೆ ಥಿಂಬಲ್ ಬರೆಯಲಿ.